ಅವ್ವನ ತುಳಸಿಗೆ ಹತ್ತಿದ ನೊರಜು

ದೀಪ ಹಚ್ಚಲು ಬಗ್ಗಿದೆ. ತುಳಸಿಯ ಬುಡದಿಂದ ಕರಿ ನೊರಜಿನ ಹಿಂಡು ಎದ್ದು ಕಣ್ಣು, ಮೂಗಿಗೆ ನುಗ್ಗಿತು. ದೇವರ ಗಿಡದಿಂದ ಹುಳ ಏಳುವುದನ್ನು ಸಿಂಧನೂರಿನಲ್ಲಿ ನಾನು ಎಂದೂ ಕಂಡವಳಲ್ಲ. ಊರಲ್ಲೇ ಇರುವ ನೀವೂ ಕಂಡಿರಲಾರಿರಿ.

ಈ ತುಳಸಿ ಅವ್ವನದು. ಅವಳು ತೀರಿಕೊಂಡ ವರ್ಷವೇ ನನ್ನ ಗಂಡನಿಗೆ ಬೆಂಗಳೂರಿಗೆ ವರ್ಗವಾಯಿತು. ಕಟ್ಟೆಯ ಕಪ್ಪು ಎರೆಮಣ್ಣಿನ ಸಮೇತ ಗಿಡವನ್ನು ಎಣ್ಣೆ ಡಬ್ಬಿಯಲ್ಲಿಟ್ಟು ಇಲ್ಲಿನ ಪುಟ್ಟೇನಹಳ್ಳಿಯ ಬಾಡಿಗೆ ಮನೆಗೆ ತಂದೆ. ಅವಳ ಕೈಯದು ಎಂದು ನನಗೆ ಉಳಿದದ್ದು ಇದೊಂದೇ. ಇಲ್ಲಿ ಅಂಗಳವಿಲ್ಲ, ಯುಟಿಲಿಟಿ ಇದೆ. ಅಂದರೆ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಇಕ್ಕಟ್ಟು ಜಾಗ. ಅಲ್ಲಿ ಬಿಸಿಲಿಗೆ ಬರ. ನಾನು ಮಾತ್ರ ಊರಿನ ಪದ್ಧತಿ ಬಿಡಲಿಲ್ಲ. ಸ್ನಾನವಾದೊಡನೆ ಗಿಡಕ್ಕೆ ಒಂದು ತಂಬಿಗೆ ನೀರು, ದಿನವೂ.

ನೊರಜು ಕಂಡ ಮೇಲೆ ಧೂಪ ಹಾಕಿದೆ, ಕರ್ಪೂರ ಹಚ್ಚಿದೆ. ಅವು ಹೆಚ್ಚಾದವು, ಗಿಡ ಜೋತುಬಿತ್ತು. ನೀರು ಸಾಲದೇನೋ ಎಂದು ಸಂಜೆಯೂ ಒಂದು ತಂಬಿಗೆ ಹೊಯ್ದೆ.

ಮನೆ ಓನರ್ ಗೌರಮ್ಮ ಆಂಟಿ ಒಂದು ಕಾಲಕ್ಕೆ ಇಲ್ಲೇ ರಾಗಿ, ಸೊಪ್ಪು ಬೆಳೆದವರು. ಬಂದು ನೋಡಿ, ಆಲೂಗಡ್ಡೆಯ ಒಂದು ಬಿಲ್ಲೆ ಕೊಯ್ದು ಮಣ್ಣಿನ ಮೇಲಿಟ್ಟು ಹೋದರು. ಎರಡು ದಿನ ಬಿಟ್ಟು ಬಂದು ಎತ್ತಿದರು. ಅಡಿಯಲ್ಲಿ ಕರಿ ತಲೆಯ ಬಿಳಿ ಹುಳುಗಳು ದಾರದ ತುಂಡಿನಂತೆ ಹೊರಳುತ್ತಿದ್ದವು.

“ಹಾರೋದನ್ನ ಓಡಿಸಿದ್ರೆ ಏನು ಬಂತಮ್ಮ? ಅವು ಮೊಟ್ಟೆ ಇಡೋದು ಇಲ್ಲಿ, ತೇವದಲ್ಲಿ. ಮರಿಗಳು ಬೇರು ತಿಂದಿವೆ. ದಿನಾ ನೀರು ಹುಯ್ದು ನೀನೇ ಸಾಕಿದ್ದೀಯ.”

“ಅವ್ವನ ತುಳಸಿ ರೀ ಆಂಟಿ. ನೀರ ಹಾಕದ ಹೆಂಗ ಇರ್ಲಿ?”

“ಮಣ್ಣು ಒಣಗ್ಬೇಕು ಕಣಮ್ಮ. ನಿಮ್ಮೂರ ಬಿಸಿಲು ಇಲ್ಲಿಲ್ವಲ್ಲ.”

ಅಲ್ಲಿ ಬೆಳಿಗ್ಗೆ ಹೊಯ್ದ ನೀರು ಮಧ್ಯಾಹ್ನಕ್ಕೇ ಆರಿ ಎರೆ ಬಿರಿಯುತ್ತಿತ್ತು. ಇಲ್ಲಿ ಅದೇ ಎರೆ ವಾರವಾದರೂ ಹಸಿ. ಭಕ್ತಿ ಎಂದುಕೊಂಡು ಅವ್ವನ ಗಿಡವನ್ನು ನಾನೇ ಕೊಂದೆ. ಹೇಗೆ ತಿರುಗಿಸಿ ಹೇಳಿದರೂ ಅಷ್ಟೇ.

ಬೇರು ಕೊಳೆತಿತ್ತು. ಒಣಗಿದ ತೆನೆಯಿಂದ ಬೀಜ ಉದುರಿಸಿಕೊಂಡೆ. ಹುಳ ತುಂಬಿದ ಮಣ್ಣನ್ನು ಇಟ್ಟುಕೊಳ್ಳುವಂತಿರಲಿಲ್ಲ. ಊರಿನ ಮಣ್ಣನ್ನು ಕಸದ ಗಾಡಿಗೆ ಸುರಿಯುವಾಗ ಅಳು ತಡೆಯಲಾಗಲಿಲ್ಲ. ಹೊಸ ಕುಂಡಕ್ಕೆ ಆಂಟಿ ತಮ್ಮ ಹಿತ್ತಲಿನ ಕೆಮ್ಮಣ್ಣು, ಮರಳು, ಬೇವಿನ ಹಿಂಡಿ ಕೊಟ್ಟರು. ಕುಂಡ ಈಗ ಬಿಸಿಲಿರುವ ತಾರಸಿಯ ಮೇಲಿದೆ.

ಸಸಿ ಎದ್ದಿದೆ, ನೊರಜಿಲ್ಲ. ಬೀಜ ನಿಮ್ಮಲ್ಲಿಯದು, ಮಣ್ಣು ಇಲ್ಲಿಯದು. ಈಗಲೂ ಸ್ನಾನ ಮಾಡಿ ತಂಬಿಗೆ ತುಂಬಿಕೊಂಡೇ ಮೇಲೆ ಹೋಗುತ್ತೇನೆ. ಮಣ್ಣಿಗೆ ಬೆರಳಿಟ್ಟು ನೋಡಿ, ಹಸಿಯಿದ್ದರೆ ತುಂಬಿದ ತಂಬಿಗೆಯೊಂದಿಗೆ ಇಳಿದು ಬರುತ್ತೇನೆ. ಗಿಡ ಬದುಕುವುದು ಹಾಗೆಯೇ ಎಂದು ಗೊತ್ತು. ಆದರೂ ಬಾಗಿಲಿಗೆ ಬಂದ ಅವ್ವನನ್ನು ನೀರು ಕೊಡದೆ ಕಳಿಸಿದೆ ಎಂದು ದಿನವೂ ಅನ್ನಿಸುತ್ತದೆ.