ಪಿರಿಡಿನ್ ನಾತದ ಅಂಗಿ

ನಮ್ಮ ಪಿಎಚ್.ಡಿ. ಗೈಡ್ ಮಹಾಶಯರಿಗೆ ಒಂದು ವಾಕ್ಯ ಬಾಯಿಪಾಠವಾಗಿತ್ತು: ಈ ಸಂಯುಕ್ತಕ್ಕೆ ಔಷಧೀಯ ಸಾಧ್ಯತೆ ಇದೆ. ಅರವತ್ತರ ದಶಕದ ಮೊದಲಲ್ಲಿ ನಾನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅವರ ಕೈಕೆಳಗೆ ಪಿರಿಡಿನ್ ಸಂಯುಕ್ತಗಳನ್ನು ತಯಾರಿಸುತ್ತಿದ್ದೆ. ಐದು ಇಂಗಾಲದ ನಡುವೆ ಒಂದು ಸಾರಜನಕ ತೂರಿಕೊಂಡ ಉಂಗುರ ಅದು. ಕ್ಷಯಕ್ಕೆ ಕೊಡುವ ಹೊಸ ಮಾತ್ರೆಯಲ್ಲೂ ಅದೇ ಉಂಗುರ ಇದೆ ಎಂಬುದೇ ನಮ್ಮವರ ಬಂಡವಾಳ. ಉಂಗುರಕ್ಕೊಂದು ಬಾಲ ಅಂಟಿಸು, ಹಳದಿ ಹರಳು ಬಂದರೆ ಎಷ್ಟು ಶಾಖಕ್ಕೆ ಕರಗುತ್ತದೆ ನೋಡು, ಸೀಸೆಗೆ ತುಂಬಿಡು. ಆ ಹರಳನ್ನು ಒಂದು ಇಲಿಗೂ ಯಾರೂ ತಿನ್ನಿಸಿ ನೋಡಲಿಲ್ಲ. ಸಾಧ್ಯತೆ ಮಾತ್ರ ಕಪಾಟು ತುಂಬ ಇತ್ತು.

ಪಿರಿಡಿನ್ ನಾತ ಕೊಳೆತ ಮೀನಿನದು, ಸೋಪಿಗೂ ಬಗ್ಗುವುದಿಲ್ಲ. ಶನಿವಾರ ಊರಿಗೆ ಹೊರಟರೆ, ಬಂಗಾರಪೇಟೆಯಲ್ಲಿ ಗಾಡಿ ಬದಲಿಸುವ ಹೊತ್ತಿಗೆ ಬೆಂಚು ಪೂರ್ತಿ ನನ್ನದೇ.

ಅಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದು ಎದೆಗೆ ಧೂಳು ತುಂಬಿಕೊಂಡಿದ್ದ. ಅದರ ಮೇಲೆ ಕ್ಷಯ. ಆಸ್ಪತ್ರೆಯವರು ಅದೇ ಹೊಸ ಮಾತ್ರೆ ಕೊಟ್ಟು, ನುಂಗದಿದ್ದರೆ ಉಳಿಯುವುದಿಲ್ಲ ಎಂದೂ ಹೇಳಿದ್ದರು. ಆ ಸಲ ಮನೆಗೆ ಹೋದರೆ ಮಾತ್ರೆಗಳೆಲ್ಲ ಗೂಡಿನಲ್ಲಿ ಹಾಗೇ ಬಿದ್ದಿದ್ದವು. ಹಿಂದಿನ ವಾರ ಒಗೆಯಲು ಬಿಟ್ಟುಹೋಗಿದ್ದ ನನ್ನ ಅಂಗಿ ಒಗೆಯದೆ ಅಪ್ಪನ ತಲೆದೆಸೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಇದ್ಯಾಕಮ್ಮ ಇಲ್ಲಿ?" ಎಂದೆ.

"ನಿನ್ ಔಸ್ದದ ಗಾಳಿ ನಿಮ್ಮಪ್ಪನ ಎದೆಗೆ ಓಗ್ಲಿ ಅಂತ ಕಣ್ಲಾ," ಅಂದಳು ಅಮ್ಮ.

ಅಪ್ಪ ಕೆಮ್ಮು ಮುಗಿಸಿ, "ಆಸ್ಪತ್ರೆ ಮಾತ್ರೇಲಿ ವಾಸ್ನೇನೇ ಇಲ್ಲ. ಅದೇನ್ ಕೆಲ್ಸ ಮಾಡ್ತದೆ? ನಿಂದು ಮೂಗು ಕಿತ್ತೋಗಂಗೈತೆ. ಅದ್ನೇ ತಗಂಡ್ ಬಾರ್ಲಾ," ಅಂದ.

ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಉಂಗುರದ ಪಾಠ ಹೇಳಿ ನೋಡಿದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ. ಕೊನೆಗೆ ಮಾತ್ರೆಗಳನ್ನು ಆ ಅಂಗಿಯಲ್ಲೇ ಸುತ್ತಿ ಟ್ರಂಕಿನಲ್ಲಿಟ್ಟೆ. ಬೆಳಿಗ್ಗೆ ಒಂದನ್ನು ಕೈಗೆ ಕೊಟ್ಟರೆ ಮೂಸಿ ನೋಡಿ ನುಂಗಿದ. "ಇದು ಔಸ್ದ," ಅಂದ. ಅಲ್ಲಿಂದಾಚೆಗೆ ವಾರವಾರ ನಾತದ ಅಂಗಿ ತರುವುದು ನನ್ನ ಕೆಲಸ, ಮಾತ್ರೆ ಸುತ್ತಿಡುವುದು ಅಮ್ಮನದು.

ಧೂಳು ಎದೆಯಲ್ಲೇ ಉಳಿಯಿತು, ಕ್ಷಯ ಹೋಯಿತು. ಮಗ ಕಂಡುಹಿಡಿದ ಔಷಧ ಎಂದು ಅಪ್ಪ ಗಣಿ ಕೂಲಿಗಳ ಲೈನಿನ ಮನೆಮನೆಗೂ ಹೇಳಿಕೊಂಡು ಬಂದ. ನನಗೆ ಡಾಕ್ಟರೇಟ್ ಬಂತು. ಗೈಡ್ ಮಹಾಶಯರು ಅದೇ ವಾಕ್ಯ ಬರೆದು ಬರೆದು ಬಡ್ತಿ ಪಡೆದರು. ಆ ಸೀಸೆಗಳನ್ನು ಆಮೇಲೆ ಯಾರೋ ಬಚ್ಚಲಿಗೆ ಸುರಿದರಂತೆ. ನಾನು ಮಾಡಿದ ಅಷ್ಟೂ ಸಂಶೋಧನೆಯಲ್ಲಿ ಒಂದು ಜೀವಕ್ಕೆ ಉಪಯೋಗಕ್ಕೆ ಬಂದದ್ದು ಅದರ ನಾತ ಒಂದೇ.