ಕಲಗಚ್ಚಿನ ಬಾನಿಯಲ್ಲಿದ್ದ ನಾಗಪ್ಪ

ನಮ್ಮ ಕಡೆ ಕಾಯಿ ತಟ್ಟದೆ ಯಾರಿಗೂ ದಿನ ಕಳೆಯುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಉಂಡೆ ಕಟ್ಟಿದೆಯೋ ಇಲ್ಲವೋ ಎಂದು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಆ 'ಟಕ್' ಕೇಳಿದರೆ ಇವತ್ತಿಗೂ ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ನಾಗರಹಾವು ಕರಟಕ್ಕೆ ಬಾಯಿ ಹಾಕಿದಾಗ ಬಂದದ್ದೂ ಅದೇ ಸದ್ದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನೊಣವಿನಕೆರೆಯ ಆಚೆಗಿದ್ದ ನಮ್ಮೂರಿನಿಂದ ಬೆಳಗಿನ ಬಸ್ಸಿಗೆ ಹೋಗುವುದು, ಮಧ್ಯಾಹ್ನದ ಬಸ್ಸಿಗೆ ಬರುವುದು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು. ಅತ್ತಿಗೆ ಬಸುರಿ. ಹಿಂದೆ ಎರಡು ಸಲ ನಿಂತು ಕಳೆದುಹೋಗಿತ್ತು. ಎರಡನೆಯ ಸಲವಂತೂ ಒಳಗೆ ಮಗುವಿನ ಅಲುಗಾಟ ನಿಂತು ಎಷ್ಟೋ ದಿನವಾದರೂ ಯಾರಿಗೂ ಗೊತ್ತಾಗಿರಲಿಲ್ಲ. ಹಾಗಾಗಿ ಈ ಸಲ ಐದು ತಿಂಗಳು ತುಂಬಿದರೂ ಮನೆಯಲ್ಲಿ ಯಾರೂ ಗಟ್ಟಿಯಾಗಿ ಸಂತೋಷಪಡುವ ಧೈರ್ಯ ಮಾಡಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ಭಾನುವಾರ ಅಣ್ಣ ತೋಟದಿಂದ ಬರಿಗೈಯಲ್ಲಿ ಓಡಿಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ಅವ್ವಾ, ಪಾತಿ ಮಾಡ್ತಿದ್ದೆ. ಗುದ್ದಲಿ ತಗುಲಿಬುಡ್ತು."

"ಕಾಲಿಗೇನ್ಲಾ?"

"ನಾಗಪ್ಪನಿಗೆ."

ಅವ್ವನ ಕೈಯಲ್ಲಿದ್ದ ಮೊರ ನಿಂತುಹೋಯಿತು. ಹೆಂಡತಿ ಬಸುರಿಯಾಗಿರುವಾಗ ಗಂಡ ಹಾವಿನ ಮೇಲೆ ಕೈ ಮಾಡಬಾರದು ಎಂಬುದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ಅಡಿಗೆಮನೆಯ ಬಾಗಿಲಲ್ಲಿ ಅತ್ತಿಗೆ ಬಂದು ನಿಂತಿದ್ದಳು.

"ಉಸಿರೈತಾ?" ಎಂದಳು.

"ಐತೆ. ಬುಸುಗುಡ್ತೈತೆ. ಹರಿಯಕ್ಕೆ ಆಯ್ತಾ ಇಲ್ಲ."

"ಹಂಗಾದ್ರೆ ಮನೆಗೆ ತನ್ನಿ."

"ತಲೆ ಕೆಟ್ಟೈತೇನೆ? ಅದೇನು ಕರುವೇ ತರಕ್ಕೆ?"

"ಅಲ್ಲೇ ಬಿಟ್ರೆ ಹದ್ದೋ ಮುಂಗುಸೀನೋ ತಿಂತದೆ. ಆ ಪಾಪ ಹದ್ದಿಗೆ ಹೋಗಲ್ಲ ಕಣ್ರೀ, ಇಲ್ಲಿಗೆ ಬರ್ತದೆ," ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅಣ್ಣ ಕವೆಗೋಲು ಹುಡುಕಿಕೊಂಡು ಮತ್ತೆ ತೋಟದ ಕಡೆ ಹೊರಟ, ಹಿಂದೆ ನಾನೂ.

ಕವೆಗೋಲಿನಿಂದ ಹಾವನ್ನು ಎತ್ತಿ ಬಿದಿರಿನ ಮಂಕರಿಗೆ ಹಾಕಿ, ಮೇಲೊಂದು ಮಂಕರಿ ಬೋರಲು ಹಾಕಿ, ತೆಂಗಿನ ಹಗ್ಗದಿಂದ ಬಿಗಿದೆವು. ಗಳುವಿಗೆ ತೂಗುಹಾಕಿ ಆ ತುದಿ ಅಣ್ಣ, ಈ ತುದಿ ನಾನು. ದಾರಿಯುದ್ದಕ್ಕೂ ಮಂಕರಿಯೊಳಗಿನಿಂದ ಕುಕ್ಕರಿನ ಹಾಗೆ ಬುಸ್ ಎನ್ನುವ ಸದ್ದು. ನನಗೆ ಭಯಕ್ಕಿಂತ ಉಮೇದೇ ಜಾಸ್ತಿ. ಸೀಸೆಯಲ್ಲಿ ಹಾಕಿಟ್ಟ ಹಾವನ್ನಷ್ಟೇ ಕಾಲೇಜಿನಲ್ಲಿ ನೋಡಿದ್ದವಳ ಹೆಗಲಿನಿಂದ ಜೀವಂತ ನಾಗರ ತೂಗುತ್ತಿತ್ತು!

ಹಿತ್ತಲ ಕೊಟ್ಟಿಗೆಯಲ್ಲಿ ದನಗಳಿಗೆ ಕಲಗಚ್ಚು ಸುರಿಯುತ್ತಿದ್ದ ಹಳೆಯ ಕಲ್ಲುಬಾನಿ ಖಾಲಿ ಬಿದ್ದಿತ್ತು. ಅದರೊಳಗೆ ಒಂದು ಮಡಕೆಯನ್ನು ಅಡ್ಡ ಮಲಗಿಸಿ, ಹಾವನ್ನು ಬಿಟ್ಟು, ಮೇಲೆ ಹಲಗೆ ಮುಚ್ಚಿ ಗುಂಡುಕಲ್ಲು ಹೇರಿದೆವು. ಹಾವು ತಲೆಯನ್ನು ಮಡಕೆಯೊಳಗೆ ತೂರಿಸಿಕೊಂಡು ಮಲಗಿತು. ಗಾಯವಾದ ಮೈ ಹೊರಗೇ ಉಳಿಯಿತು. ಬಾಲದಿಂದ ಒಂದು ಗೇಣು ಮೇಲೆ ಚರ್ಮ ಬಿರಿದು ಮಾಂಸ ಕಾಣುತ್ತಿತ್ತು.

ಅರಿಶಿನ ಹಚ್ಚಬೇಕು. ಯಾರು ಹಚ್ಚುವುದು? ಅಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ನಾನು ಹಚ್ತೀನಿ ಬುಡಿ," ಎಂದಳು ಅತ್ತಿಗೆ. "ಬಸುರಿ ಮುಂದೆ ಹಾವಿಗೆ ಕಣ್ಣು ಕಾಣಲ್ಲ."

ಅಣ್ಣ ಬೇಡವೆಂದ. ನಾನು ಬೇಡವೆಂದೆ. ಅವ್ವ ಮಾತ್ರ ಯೋಚಿಸಿ, "ನಮ್ಮತ್ತೆನೂ ಹಂಗೇ ಹೇಳ್ತಿದ್ರು. ಆದ್ರೂ ಉದ್ದದ ಕಡ್ಡೀಲಿ ಹಚ್ಚು ತಾಯಿ," ಎಂದಳು.

ಅತ್ತಿಗೆ ತೆಂಗಿನ ಗರಿಯ ಉದ್ದ ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಕರಟದಲ್ಲಿ ಕಲಸಿದ ಅರಿಶಿನ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಹಲಗೆಯನ್ನು ಒಂದಿಷ್ಟೇ ಸರಿಸಿ ಗಾಯಕ್ಕೆ ಮುಟ್ಟಿಸಿದಳು. ಹಾವಿನ ಮೈ ಅಲೆಯಂತೆ ಎದ್ದು ಬಿದ್ದಿತು. ತಲೆ ಹೊರಗೆ ಬರಲಿಲ್ಲ. "ನೋಡಿದ್ಯೇನೆ?" ಎಂದು ನನ್ನತ್ತ ತಿರುಗಿ ಕಣ್ಣರಳಿಸಿದಳು.

ದಿನವೂ ಅದೇ ಆಯಿತು. ಹಾಲಿಟ್ಟರೆ ಮುಟ್ಟಲಿಲ್ಲ. ಅಟ್ಟದ ಬೋನಿಗೆ ಬಿದ್ದ ಇಲಿಯನ್ನು ಅಣ್ಣ ತಂದು ಹಾಕಹೊರಟಾಗ ಅವ್ವ ಅಡ್ಡ ನಿಂತಳು. "ಲಿಂಗ ಕಟ್ಟಿದ ಮನೇಲಿ ಇಲಿ ಉಣ್ಸೋದಾ? ಹಿತ್ತಲ ಬಾಗಿಲಿಂದ ತಗೊಂಡೋಗ್ಲಾ, ನಾನು ನೋಡ್ಲಿಲ್ಲ!" ಮರುದಿನ ಇಲಿ ಇರಲಿಲ್ಲ. ಸಂಜೆ ಅವ್ವ, "ಅಟ್ಟದಲ್ಲಿ ಇನ್ನೂ ಐದಾರು ಓಡಾಡ್ತವೆ," ಎಂದು ಯಾರಿಗೋ ಹೇಳುವಂತೆ ಗೋಡೆಗೆ ಹೇಳಿದಳು.

ಗಾಯ ಆರುತ್ತಾ ಬಂದಿತು. ಅತ್ತಿಗೆಯ ಕೈಯಲ್ಲಿದ್ದ ಕಡ್ಡಿ ಮೋಟಾಗುತ್ತಾ ಬಂದಿತು. ಮೊದಲು ಎರಡು ಮೊಳ ಇದ್ದದ್ದು ಒಂದು ಮೊಳವಾಯಿತು, ಗೇಣಾಯಿತು. ಒಂದು ದಿನ ಹಾವು ಮಡಕೆಯಿಂದ ತಲೆ ಹೊರಗಿಟ್ಟು ಮಲಗಿತ್ತು. ಇಣುಕಿದ ನಾನು ಬೆರಗಾದೆ. ಎರಡು ಕಣ್ಣಿಗೂ ನೀರುಮಜ್ಜಿಗೆ ಹುಯ್ದ ಹಾಗೆ ಬಿಳಿ ಪರೆ. ಅತ್ತಿಗೆ ಕೈ ಅಲ್ಲಾಡಿಸಿದರೂ ಅದು ತಲೆ ತಿರುಗಿಸಲಿಲ್ಲ.

"ಈಗೇನಂತೀಯ?" ಅತ್ತಿಗೆಯ ಮುಖ ದೀಪ ಹಚ್ಚಿದಂತಿತ್ತು. "ನನ್ನ ನೋಡಿ ನೋಡಿ ಕಣ್ಣು ಹೋಯ್ತು!"

"ಅತ್ಗೆ, ಪೊರೆ ಬಿಡೋ ಮುಂಚೆ ಎಲ್ಲ ಹಾವಿಗೂ ಹಿಂಗಾಗುತ್ತೆ. ಆಮೇಲೆ ಕಣ್ಣು ಮತ್ತೆ ತಿಳಿಯಾಗುತ್ತೆ. ಕ್ಲಾಸಲ್ಲಿ ಹೇಳಿದ್ದಾರೆ."

"ನಿನ್ನ ಪುಸ್ತಕದ ಹಾವೇ ಬೇರೆ, ನಮ್ಮ ತೋಟದ ಹಾವೇ ಬೇರೆ ಕಣೇ."

ಅಂದಿನಿಂದ ಕಡ್ಡಿಯೂ ಹೋಯಿತು. ಬರಿಬೆರಳಲ್ಲಿ ಹಚ್ಚತೊಡಗಿದಳು. ಹಚ್ಚಿಯಾದ ಮೇಲೂ ಬಾನಿಯ ಪಕ್ಕದಲ್ಲಿ ಕೂತು ಆ ಬಿಳಿ ಕಣ್ಣುಗಳನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ಅದರಲ್ಲಿ ಏನು ನೋಡುತ್ತಾಳೆಂದು ನನಗೆ ಆಗ ಹೊಳೆಯಲಿಲ್ಲ.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಬಸ್ಸಿಳಿದು ಬಂದಾಗ ಅಣ್ಣ ಕೊಬ್ಬರಿ ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದ. ಅವ್ವ ಪಕ್ಕದ ಬೀದಿಯಲ್ಲಿದ್ದಳು. ಅತ್ತಿಗೆ ಕೊಟ್ಟಿಗೆಯಿಂದಲೇ ಕೂಗಿದಳು. "ಬಾರೇ, ಗಾಯ ಮುಚ್ಚೋಗೈತೆ ನೋಡು!"

ಚೀಲ ಹೆಗಲಲ್ಲಿರುವಂತೆಯೇ ಹೋಗಿ ಬಗ್ಗಿದೆ. ಹಲಗೆ ಪೂರ್ತಿ ಪಕ್ಕಕ್ಕಿತ್ತು. ಅತ್ತಿಗೆಯ ಎಡಗೈಯಲ್ಲಿ ಕರಟ, ಬಲಗೈ ಬೆರಳಲ್ಲಿ ಅರಿಶಿನ. ನಿಜವೇ, ಬಿರಿದಿದ್ದ ಜಾಗದಲ್ಲಿ ಕಪ್ಪು ಗೆರೆಯೊಂದು ಬಿಟ್ಟರೆ ಏನೂ ಇರಲಿಲ್ಲ. ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು. ಅಷ್ಟರಲ್ಲಿ ಮಡಕೆಯಿಂದ ತಲೆ ಹೊರಗೆ ಬಂದಿತು.

ಕಣ್ಣು ಕಪ್ಪಗಿತ್ತು. ನೀರಿನಲ್ಲಿ ತೊಳೆದ ಹುಣಸೆ ಬೀಜದ ಹಾಗೆ ಹೊಳೆಯುತ್ತಿತ್ತು.

"ಅತ್ಗೆ, ಕೈ ತೆಗೀರಿ."

"ಸುಮ್ನಿರೇ."

"ಕಣ್ಣು ನೋಡಿ ಅತ್ಗೆ!"

ಅವಳು ನೋಡಿದಳು. ಹೆಡೆ ಬಿಚ್ಚಿತು. ಬಾನಿಯ ಅಂಚಿಗಿಂತ ಮೇಲೆ, ಅವಳ ಎದೆಯ ಮಟ್ಟಕ್ಕೆ ಎದ್ದು ನಿಂತಿತು. ಅವಳು ಕರಟ ಹಿಡಿದ ಕೈಯನ್ನು ಮೆಲ್ಲಗೆ ಎಡಕ್ಕೆ ಸರಿಸಿದಳು. ತಲೆ ಎಡಕ್ಕೆ ಬಂದಿತು. ಬಲಕ್ಕೆ ತಂದಳು. ತಲೆಯೂ ಬಲಕ್ಕೆ.

"ನೋಡ್ತಾ ಐತೆ ಕಣೇ," ಎಂದಳು, ತುಟಿ ಅಲುಗದ ಹಾಗೆ.

"ಅಲ್ಲಾಡಬೇಡಿ."

ಆ ನಿಲುವನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ! ಬಸ್ಸಿನಲ್ಲಿ ಕೂತಾಗ, ಅನ್ನಕ್ಕೆ ಎಸರಿಟ್ಟು ಕಾಯುವಾಗ ಅದು ಕಣ್ಮುಂದೆ ಬಂದು ನಿಲ್ಲುತ್ತದೆ. ಹೆಡೆಯ ಹಿಂದೆ ಗೋಡೆ, ಗೋಡೆಯಲ್ಲಿ ನೊಗ, ನೊಗದ ಮೇಲೆ ಒಂದು ಗುಬ್ಬಿ. ಗುಬ್ಬಿ ಕೂಡ ಸುಮ್ಮನಿತ್ತು.

ಆಗ ತೋಟದಲ್ಲಿ ಯಾವುದೋ ಮರದಿಂದ ಕಾಯಿ ಕಳಚಿ 'ಧೊಪ್' ಎಂದು ಬಿತ್ತು. ದಿನಕ್ಕೆ ಹತ್ತಾರು ಸಲ ಕೇಳುವ ಸದ್ದು. ಆದರೂ ಅತ್ತಿಗೆ ಬೆಚ್ಚಿದಳು, ಕೈ ಅಲುಗಿತು.

ಟಕ್.

ಕರಟ ಹಾರಿತು, ಅರಿಶಿನವೆಲ್ಲ ಅವಳ ಮುಖಕ್ಕೆ ಎರಚಿತು. ನಾನು ಅವಳ ಸೊಂಟ ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ಹುಲ್ಲಿನ ಮೇಲೆ ಬಿದ್ದೆವು. ಹಾವು ಬಾನಿಯ ಅಂಚು ಹತ್ತಿ ಇಳಿದು, ನನ್ನ ಪಾದದಿಂದ ಒಂದು ಮೊಳ ದೂರದಲ್ಲಿ ಹರಿಯಿತು. ಹೆಡೆಯ ಮೇಲೆ ಅರಿಶಿನದ ಪಟ್ಟೆ. ಗುದ್ದಲಿ ತಗುಲಿದ್ದ ಮೈ ಎಲ್ಲೂ ತೊಡರಲಿಲ್ಲ. ನೀರು ಹರಿದ ಹಾಗೆ ಹರಿದು ಬಾಗಿಲು ದಾಟಿ, ಕಾಯಿ ಸಿಪ್ಪೆಯ ರಾಶಿ ಬಳಸಿ ತೋಟಕ್ಕೆ ಇಳಿಯಿತು. ಇಷ್ಟು ಚೆನ್ನಾಗಿ ವಾಸಿಯಾಗಿದೆಯಲ್ಲ ಎಂದು ಆ ಭಯದ ನಡುವೆಯೂ ಹಿಗ್ಗಿದೆ!

ಅತ್ತಿಗೆಯ ಬೆರಳುಗಳನ್ನು ಒಂದೊಂದಾಗಿ ದಾವಣಿಯಿಂದ ಒರೆಸಿ ನೋಡಿದೆ. ಅಂಗೈ, ಮಣಿಕಟ್ಟು, ಮೊಳಕೈ. ಒಂದು ಗೀರೂ ಇರಲಿಲ್ಲ. ನಾನು ಅಳುತ್ತಾ ನಗುತ್ತಿದ್ದೆ. ಅವಳು ಎರಡೂ ಮಾಡಲಿಲ್ಲ.

"ಅದು ನನ್ನ ಕಂಡಿತು ಕಣೇ."

"ಕಂಡರೆ ಕಾಣಲಿ, ಕಚ್ಚಲಿಲ್ಲವಲ್ಲ!"

"ಬಸುರಿ ಮುಂದೆ ಅದಕ್ಕೆ ಕಣ್ಣು ಕಾಣಬಾರದು." ಅವಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. "ಕಂಡಿತು ಅಂದ್ರೆ... ಒಳಗೆ ಏನೂ ಇಲ್ಲ ಅಂತಲ್ವಾ?"

ದಿನವೂ ಬಾನಿಯ ಪಕ್ಕ ಕೂತು ಅವಳು ನೋಡುತ್ತಿದ್ದುದು ಏನೆಂದು ನನಗೆ ಆಗ ಅರ್ಥವಾಯಿತು. ಹಾವು ಕುರುಡಾಗಿದೆ ಎಂದರೆ ಮಗು ಜೀವಂತವಾಗಿದೆ. ಹೊಟ್ಟೆ ತನಗೆ ಒಮ್ಮೆ ಹೇಳದೆ ಮುಚ್ಚಿಟ್ಟದ್ದನ್ನು ಈ ಸಲ ಅವಳು ಆ ಬಿಳಿ ಕಣ್ಣುಗಳಿಂದ ಕೇಳಿ ತಿಳಿದುಕೊಳ್ಳುತ್ತಿದ್ದಳು.

"ಅತ್ಗೆ, ಅವತ್ತೇ ಹೇಳಿದ್ನಲ್ಲ. ಪೊರೆ ಬಿಡೋ ಮುಂಚೆ ಕಣ್ಣು ಬೆಳ್ಳಗಾಗುತ್ತೆ, ಆಮೇಲೆ ತಿಳಿಯಾಗುತ್ತೆ. ಅದಕ್ಕೂ ನಿಮಗೂ ಸಂಬಂಧ ಇಲ್ಲ."

"ಎಲ್ಲ ಹಾವಿಗೂನಾ?"

"ಎಲ್ಲಕ್ಕೂ."

"ಬಸುರಿ ನೋಡದೇ ಇದ್ರೂ?"

"ನಮ್ಮಣ್ಣ ಒಬ್ಬನೇ ನೋಡಿದ್ರೂ ಹಂಗೇ ಆಗೋದು."

"ಇನ್ನೊಂದ್ಸಲ ಹೇಳೇ."

ಅವತ್ತು ನಕ್ಕು ತಳ್ಳಿಹಾಕಿದ್ದ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು. ಪರೀಕ್ಷೆಗೂ ನಾನು ಅಷ್ಟು ಸಲ ಪಾಠ ಒಪ್ಪಿಸಿರಲಿಲ್ಲ. ಹೇಳುತ್ತಲೇ ಅವಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಏನೂ ಇಲ್ಲ. ಗುಬ್ಬಿ ಹಾರಿಹೋಯಿತು. ಮತ್ತೂ ಏನಿಲ್ಲ. ನನ್ನ ಮಾತು ತಡವರಿಸತೊಡಗಿತು. ಆಗ ಅಂಗೈಗೆ ಒಳಗಿನಿಂದ ಒಂದು ಗುದ್ದು ಬಿತ್ತು. ಹಿಂದೆಯೇ ಇನ್ನೊಂದು.

"ಅಯ್ಯೋ, ಒದೀತು!" ಎಂದು ಕಿರುಚಿದವಳು ನಾನು.

"ಹೂಂ ಕಣೇ, ನಂಗೇನು ಗೊತ್ತಾಗಲ್ವಾ?" ಎಂದು ಈಗ ಅತ್ತಳು.

ಕೂಗಾಟ ಕೇಳಿ ಅವ್ವ ಬಂದಳು. "ಏನ್ರೇ ಇದು, ಹುಲ್ಲಲ್ಲಿ ಹೊರಳಾಡಿ? ಮುಖಕ್ಕೆಲ್ಲ ಅರಿಶಿನ?"

ಅತ್ತಿಗೆ ಮೂಗು ಒರೆಸಿಕೊಂಡು, "ನಾಗಪ್ಪ ಹೊರಟೋದ ಅತ್ತೆಮ್ಮ. ಹೋಗ್ತಾ ಅರಿಶಿನ ಕೊಟ್ಟೋದ," ಎಂದಳು.

ಅವ್ವ ಖಾಲಿ ಬಾನಿಗೆ ಕೈ ಮುಗಿದಳು. ಸೊಸೆಯ ಕೆನ್ನೆಯ ಅರಿಶಿನವನ್ನು ಬೆರಳಲ್ಲಿ ತೆಗೆದು ಅವಳ ತಾಳಿಗೆ ಒತ್ತಿದಳು. ಅದರಲ್ಲಿ ಹಾವಿನ ವಿಷ ಬೆರೆತಿದ್ದರೆ ಎಂದು ನನಗೆ ಆಗ ಹೊಳೆಯಿತು. "ಮೊದಲು ಮುಖ ತೊಳ್ಕೊಳಿ ಅತ್ಗೆ," ಎಂದು ಬಚ್ಚಲಿಗೆ ಎಳೆದುಕೊಂಡು ಹೋದೆ. ಕರಟ ಬಾನಿಯ ಹಿಂದೆ ಬಿದ್ದಿತ್ತು. ಅದರ ಅಂಚಿನಲ್ಲಿ ಅರಿಶಿನದ ಮೇಲೆ ಎರಡು ಹಸಿ ಹನಿಗಳಿದ್ದವು. ಸಂಜೆ ಅದನ್ನು ಕಡ್ಡಿಯಿಂದ ತಳ್ಳಿಕೊಂಡು ಹೋಗಿ ಹೂತುಬಂದೆ.

ಮಗು ಹುಟ್ಟಿತು. ಹೆಣ್ಣು, ಅಳುವುದರಲ್ಲಿ ಗಟ್ಟಿಗಿತ್ತಿ. ಬಾಣಂತಿಯನ್ನು ನೋಡಲು ಬಂದವರಿಗೆಲ್ಲ ಅತ್ತಿಗೆ ಹಾವಿನ ಕಥೆ ಹೇಳಿದಳು, ಈಗಲೂ ಹೇಳುತ್ತಾಳೆ. ಗಾಯ, ಬಾನಿ, ಬಿಳಿ ಕಣ್ಣು, ಅವ್ವನ ಇಲಿ, ಕೊನೆಗೆ ಅರಿಶಿನ ಕೊಟ್ಟು ಹೊರಟ ನಾಗಪ್ಪ, ಎಲ್ಲವೂ ಅದರಲ್ಲಿದೆ. 'ಟಕ್' ಮಾತ್ರ ಇಲ್ಲ. ಅದು ನನ್ನೊಬ್ಬಳ ಪಾಲಿಗೆ ಉಳಿದಿದೆ.