ಜೋಲಿಬಂಡಿಗೊಂದು ಗಾಡಿ

ಒಗೆದು ಹಿಂಡಿ ಹಗ್ಗದ ಮೇಲೆ ಹರವಿದ ಬಿಳಿಯ ಅಂಗಿಯೊಂದು ಸಂಜೆಯ ಹೊತ್ತಿಗೆ ತನ್ನಷ್ಟಕ್ಕೆ ತಾನೇ ಕಾವಿಯ ಬಣ್ಣಕ್ಕೆ ತಿರುಗಿಬಿಡುವ ಊರಿನಲ್ಲಿ ನೀವು ಎಂದಾದರೂ ಬಾಳಿದ್ದೀರಾ, ಗೆಳೆಯರೇ? ನಾನು ಬಾಳಿದ್ದೇನೆ. ಗಣಿಗಾರಿಕೆಯ ಅಬ್ಬರದ ಆ ವರ್ಷಗಳಲ್ಲಿ ಹೊಸಪೇಟೆಯ ಗೃಹಸ್ಥರೆಲ್ಲ ಸನ್ಯಾಸ ಸ್ವೀಕರಿಸದೆಯೇ ಕಾಷಾಯ ಧರಿಸಿದ್ದರು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಇಳಿಯುವ ಲಾರಿಗಳು ಎಬ್ಬಿಸಿದ ಕೆಂಧೂಳು ಬಾಳೆಯೆಲೆಯ ಮೇಲೆ, ಮೊಸರಿನ ಗಡಿಗೆಯ ಮೇಲೆ, ದೇವರ ಪಟದ ಗಾಜಿನ ಮೇಲೆ, ಯಾವ ಭೇದವನ್ನೂ ಎಣಿಸದೆ ಬಂದು ಕೂರುತ್ತಿತ್ತು. ಸಮಾನತೆಯನ್ನು ಕುರಿತು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿಯುವಂತೆ ವಾದಿಸಿ ಗೆದ್ದವನು ನಾನು. ಅದನ್ನು ಇಷ್ಟು ಸಂಪೂರ್ಣವಾಗಿ ಜಾರಿಗೆ ತಂದ ಮತ್ತೊಂದು ಶಕ್ತಿಯನ್ನು ಮಾತ್ರ ನಾನು ಕಾಣೆ.

ಆ ಧೂಳಿನ ನಡುವೆ ನಾವು ಕೆಲವರು ಸೇರಿ ಒಂದು ಜೋಲಿಬಂಡಿಯನ್ನು ನಡೆಸುತ್ತಿದ್ದೆವು. ಪಾಪಿನಾಯಕನಹಳ್ಳಿಯ ಆಚೆ, ರಸ್ತೆಯ ಬದಿಯ ಬಯಲಿನಲ್ಲಿ ಅದಿರನ್ನು ಕುಟ್ಟಿ, ಜರಡಿ ಹಿಡಿದು, ದಪ್ಪದ್ದನ್ನೂ ಸಣ್ಣದ್ದನ್ನೂ ಬೇರೆ ಮಾಡುವ ಕೆಲಸಕ್ಕೆ ಹೆಂಗಸರು ಬರುತ್ತಿದ್ದರು. ಅವರ ಸೊಂಟದ ಮೇಲೆ ಕೂಸುಗಳೂ ಬರುತ್ತಿದ್ದವು. ಬಯಲಿನಲ್ಲಿ ಮರಗಳಿರಲಿಲ್ಲ. ನೆರಳೆಂದರೆ ನಿಂತ ಲಾರಿಯ ನೆರಳೇ. ಅದರಲ್ಲಿ ಗೋಣಿಚೀಲ ಹಾಸಿ ಕೂಸನ್ನು ಮಲಗಿಸಿ, ತಾಯಿ ಜರಡಿಯ ಪ್ರತಿ ಅಲುಗಾಟಕ್ಕೊಮ್ಮೆ ತಿರುಗಿ ನೋಡಬೇಕಾಗಿತ್ತು. ಏಕೆಂದರೆ ಮರದ ನೆರಳಿಗಿರುವ ಸ್ಥಿರಬುದ್ಧಿ ಲಾರಿಯ ನೆರಳಿಗಿಲ್ಲ. ಅದು ಹೇಳದೆ ಕೇಳದೆ ಎದ್ದು ಹೊರಟುಬಿಡುತ್ತದೆ, ಕೆಲವೊಮ್ಮೆ ಹಿಂದಕ್ಕೂ ಹೊರಡುತ್ತದೆ. ಆದ್ದರಿಂದ ನಾವು ಒಂದು ಹಳೆಯ ಟ್ರೇಲರಿಗೆ ತಗಡಿನ ಸೂರು ಹೊದಿಸಿ, ಒಳಗೆ ಅಡ್ಡಲಾಗಿ ಕಬ್ಬಿಣದ ಪೈಪುಗಳನ್ನು ಬೆಸೆಸಿ, ಹಳೆಯ ಸೀರೆಗಳಿಂದ ಆರು ಜೋಲಿಗಳನ್ನು ಕಟ್ಟಿದ್ದೆವು. ಬೆಳಗ್ಗೆ ಗುಡಿಸಲುಗಳ ಬಳಿ ಕೂಸುಗಳನ್ನು ಮಲಗಿಸಿಕೊಂಡು, ಹಗಲೆಲ್ಲ ಕೆಲಸದ ಬಯಲಿನಲ್ಲಿ ನಿಂತು, ಸಂಜೆ ಮರಳುವುದು ಅದರ ದಿನಚರಿ. ಕೂಸುಗಳನ್ನು ನೋಡಿಕೊಳ್ಳುತ್ತಿದ್ದವಳು ಹುಲಿಗೆಮ್ಮ. ಬಂಡಿಯನ್ನು ಎಳೆಯಲು ಎಮ್ಮಿಗನೂರಿನ ರೈತರೊಬ್ಬರು ತಮ್ಮ ಟ್ರ್ಯಾಕ್ಟರನ್ನು ಸ್ನೇಹದಿಂದ ಕೊಟ್ಟಿದ್ದರು.

ಆದರೆ ಆ ಕಾಲದ ಸೆಳೆತವೇ ಅಂಥದ್ದು. ಕಂಪ್ಲಿಯ ಕಡೆಯ ಭತ್ತದ ಗದ್ದೆಗಳಲ್ಲಿ ಕೆಸರು ತುಳಿಯುತ್ತಿದ್ದ ಟ್ರ್ಯಾಕ್ಟರುಗಳು ಒಂದೊಂದಾಗಿ ಕಾಲು ತೊಳೆದುಕೊಂಡು ಅದಿರಿನ ದಾರಿ ಹಿಡಿದವು, ನಮ್ಮದೂ ಹಿಡಿಯಿತು. ಅದೇ ಸಮಯಕ್ಕೆ ಕುಟ್ಟುವ ಕೆಲಸವೂ ಬಯಲನ್ನು ಬಿಟ್ಟು ಸಂಡೂರಿನ ಗುಡ್ಡದ ಇಳಿಜಾರಿಗೆ ಹೋಗುವುದೆಂದು ತಿಳಿದುಬಂತು. ಹುಲಿಗೆಮ್ಮನ ಮಗಳು ರೇಣುಕಾ, ಮೂರು ತಿಂಗಳ ಕೂಸಿನ ತಾಯಿ, ಒಂದು ಸಂಜೆ ಬಂದು ನಿಂತಳು.

“ಅಮಾಸಿ ಕಳದ್ ಮ್ಯಾಲೆ ನಾವು ಗುಡ್ಡಕ್ಕ ಹೋಗ್ತೀವಿ ಸರ. ಬಂಡಿ ಬರ್ತೈತೋ ಇಲ್ಲೋ, ಒಂದ್ ಮಾತು ಹೇಳಿಬಿಡ್ರಿ. ಬರಲ್ಲಂದ್ರ ಇವ್ನನ್ನ ಲಾರಿ ಕೆಳಗ ಮಲಗಸೋದು ನಾನೀಗ ರೂಢಿ ಮಾಡ್ಕೋಬೇಕು.”

ಆಕೆ ದೂರುವ ದನಿಯಲ್ಲಿ ಹೇಳಲಿಲ್ಲ; ಬಸ್ಸಿನ ಸಮಯ ಕೇಳುವವರ ದನಿಯಲ್ಲಿ ಹೇಳಿದಳು. ಅಮಾವಾಸ್ಯೆಯೊಳಗೆ ಬಂಡಿಗೊಂದು ಗಾಡಿ ಬೇಕೇ ಬೇಕೆಂದು ನಾವು ಅಂದೇ ನಿಶ್ಚಯಿಸಿದೆವು.

ಹಣ ಹೇಗೋ ಒದಗಿತು, ಒಮ್ಮತ ಒದಗಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಎದುರುಬದುರಾಗಿ ತಲೆಯೆತ್ತಿದ್ದ ಎರಡು ಹೊಸ ಷೋರೂಮುಗಳಲ್ಲಿ ಎರಡು ಡೀಸೆಲ್ ಪಿಕಪ್ ಗಾಡಿಗಳು, ಒಂದು ಬಿಳಿ, ಒಂದು ನೀಲಿ, ಸ್ವಯಂವರದ ರಾಜಕುಮಾರರಂತೆ ಎದೆಯುಬ್ಬಿಸಿ ನಿಂತಿದ್ದವು. ನಮ್ಮ ಚಾಲಕ ಗವಿಸಿದ್ದ, ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ಲಾರಿ ಓಡಿಸಿದವನು, ಬಿಳಿಯದಕ್ಕೆ ಮನಸೋತ. ಬಂಡಿಯನ್ನು ಬೆಸೆದುಕೊಟ್ಟ ವೆಲ್ಡಿಂಗ್ ಅಂಗಡಿಯ ಖಾಜಾಸಾಬರು ನೀಲಿಯ ಪಕ್ಷ ವಹಿಸಿದರು.

ಭಿನ್ನಾಭಿಪ್ರಾಯ ತಲೆದೋರಿದಲ್ಲೆಲ್ಲ ಚರ್ಚೆಯೇ ಪರಿಹಾರವೆಂದು ನಂಬಿ ಬೆಳೆದವನು ನಾನು. ವೆಲ್ಡಿಂಗ್ ಅಂಗಡಿಯ ಮುಂದೆಯೇ ಎರಡು ಸ್ಟೂಲು ಹಾಕಿಸಿದೆ. ಸಮಯ ಮುಗಿದಾಗ ಬಾರಿಸಲು ಒಂದು ಸ್ಪ್ಯಾನರು, ಒಂದು ಕಬ್ಬಿಣದ ತುಂಡು.

“ಎಳಿಯೋದಂದ್ರ ಬಿಳೀದು ಸರ,” ಎಂದು ಗವಿಸಿದ್ದ ಮಂಡಿಸಿದ. “ಗುಡ್ಡಕ್ಕ ಕಟ್ರಿ, ಗುಡ್ಡಾನ ಬರ್ತೈತಿ.”

“ಗುಡ್ಡ ಎಳಿಯೋರು ಈಗಾಗ್ಲೇ ಭಾಳ ಮಂದಿ ಅದಾರಲೇ,” ಎಂದರು ಖಾಜಾಸಾಬರು. “ನಮಗ ಬಂಡಿ ಬಂದ್ರ ಸಾಕು. ನೀಲೀದರ ಚಾಸಿ ನೋಡು, ಆನಿ ಬೆನ್ನಿದ್ದಂಗ ಐತಿ.”

“ಆನಿ ತಿಂದಂಗ ಡೀಸೆಲ್ಲೂ ತಿಂತೈತಿ.”

“ನಿನ್ನಂಗ ತಿಂದು ಮಲಗೋದಿಲ್ಲಲ್ಲ.”

ಎರಡನೆಯ ಸುತ್ತಿನಲ್ಲಿ, ಕಾಲೇಜಿನ ಪದ್ಧತಿಯಂತೆ, ಪಕ್ಷಗಳನ್ನು ಅದಲುಬದಲು ಮಾಡಿದೆ: ಎದುರಾಳಿಯ ವಾದವನ್ನು ತಾನೇ ಆಡಿ ನೋಡದೆ ಸತ್ಯ ಕೈಗೆ ಸಿಗುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಇಬ್ಬರೂ ಬಹಳ ಶ್ರದ್ಧೆಯಿಂದ ವಾದಿಸಿದರು. ಮರುದಿನ ಬೆಳಗ್ಗೆ ಗವಿಸಿದ್ದ ನೀಲಿಯೇ ಆಗಬೇಕೆಂದ. ಖಾಜಾಸಾಬರು ಬಿಳಿಯನ್ನು ಬಿಟ್ಟುಕೊಡಲೊಲ್ಲೆನೆಂದರು. “ನಿನ್ನಿ ನಾ ಹೇಳಿದ್ದು ನನಗ ಖರೇ ಅನ್ನಿಸ್ತು ಸರ,” ಎಂಬುದು ಇಬ್ಬರದೂ ಒಂದೇ ಸಮಜಾಯಿಷಿ. ಜಗಳ ನಿನ್ನೆಯದೇ, ಬಾಯಿಗಳಷ್ಟೇ ಬದಲಾಗಿದ್ದವು. ತರ್ಕವೆಂಬುದು ಎರಡೂ ಕಡೆ ಕೊಕ್ಕೆಯಿರುವ ಸರಪಳಿ, ಯಾರು ಯಾವ ತುದಿಯನ್ನು ಹಿಡಿದರೂ ಅದು ಎಳೆಯುತ್ತದೆ ಎಂದು ಅಂದು ನನಗೆ ಹೊಳೆಯಿತು.

ಹುಲಿಗೆಮ್ಮ ಬಾಗಿಲ ಬಳಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ನೀವೆಲ್ಲ ಮುಂದ ಕುಂತು ಗಾಡಿ ನೋಡಾಕತ್ತೀರಿ. ಕೂಸು ಕುಂದ್ರೋದು ಹಿಂದ. ಎರಡನ್ನೂ ಬಂಡಿಗೆ ಕಟ್ರಿ, ನಾ ಹಿಂದ ಕುಂದ್ರತೀನಿ. ಸರ, ನೀವೂ ಬರ್ರಿ, ಹಿಂದಕ.”

ಖಾಜಾಸಾಬರು ಎರಡು ಗಾಡಿಗಳಿಗೂ ಹೊಂದುವಂತೆ ಒಂದು ಕೊಕ್ಕೆಯನ್ನು ಮಾಡಿಕೊಟ್ಟರು. ಷೋರೂಮಿನವರ ಒಪ್ಪಿಗೆ ಪಡೆದು, ಬಿಳಿಯದು ಬೆಳಗ್ಗೆ, ನೀಲಿಯದು ಮಧ್ಯಾಹ್ನ, ಸಂಡೂರಿನ ದಾರಿಯಲ್ಲಿ ಏರಿ ಇಳಿದು ಬರುವುದೆಂದು ನಿಗದಿಯಾಯಿತು. ಇನ್ನೇನು ಹೊರಡಬೇಕು, ರೇಣುಕಾ ಬಂದು ಗವಿಸಿದ್ದ ಕುಳಿತಿದ್ದ ಗಾಡಿಯ ಬಾಗಿಲಿಗೆ ಕೈ ಅಡ್ಡ ಹಿಡಿದಳು.

“ಖಾಲಿ ಜೋಲಿ ತೂಗಬಾರ್ದು. ಕೂಸಿಗೆ ಹೊಟ್ಟಿನೋವು ಬರ್ತೈತಿ.”

ಮೂಢನಂಬಿಕೆಯನ್ನು ಖಂಡಿಸಿ ನಾನು ಮಾಡಬಹುದಾಗಿದ್ದ ಭಾಷಣ ಅದಾಗಲೇ ನಾಲಿಗೆಯ ತುದಿಗೆ ಬಂದು ಸೆರಗು ಸರಿಪಡಿಸಿಕೊಳ್ಳುತ್ತಿತ್ತು. ಆದರೆ ಖಾಲಿ ಜೋಲಿ ತೂಗಿದರೆ ಕೂಸಿನ ಪಾಡು ನಮಗೆ ತಿಳಿಯುವುದಾದರೂ ಹೇಗೆ? ಭಾರವಿಲ್ಲದ ಬಟ್ಟೆ ಗಾಳಿಗೂ ಆಡುತ್ತದೆ. ವಿಜ್ಞಾನವೂ ಹಳೆಯ ಅಂಜಿಕೆಯೂ ಅಂದು ಅನಿರೀಕ್ಷಿತವಾಗಿ ಒಂದೇ ಬಂಡಿಯನ್ನು ಹತ್ತಿದವು. ಹೆಸರಿಡುವ ದಿನ ಕೂಸಿಗಿಂತ ಮೊದಲು ರುಬ್ಬುಗುಂಡನ್ನು ತೊಟ್ಟಿಲಿಗೆ ಹಾಕಿ, ಗುಂಡಪ್ಪನೆಂದು ಕರೆದು ತೂಗುವ ಪದ್ಧತಿ ನಿಮಗೂ ಗೊತ್ತಿರಬಹುದು. ಅಷ್ಟು ರುಬ್ಬುಗುಂಡುಗಳು ಎಲ್ಲಿ ಸಿಗಬೇಕು? ಆರು ಮಂದಿ ತಾಯಂದಿರು ತಾವು ಕುಟ್ಟಬೇಕಾಗಿದ್ದ ರಾಶಿಯಿಂದಲೇ ತಮ್ಮ ತಮ್ಮ ಕೂಸಿನ ತೂಕಕ್ಕೆ ಸರಿಯಾಗುವ ಅದಿರಿನ ಗುಂಡುಗಳನ್ನು ಆರಿಸಿ ತಂದರು. ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಕಲ್ಲು ಹಿಡಿದು, ಕಣ್ಣು ಮುಚ್ಚಿ ತೂಗಿ ನೋಡಿ ತಂದರು. ಬಟ್ಟೆಯಲ್ಲಿ ಸುತ್ತಿ ಜೋಲಿಗಳಲ್ಲಿ ಮಲಗಿಸಿದರು. ಒಬ್ಬಾಕೆ ತನ್ನ ಗುಂಡಿಗೆ ಕುಲಾವಿಯನ್ನೂ ತೊಡಿಸಿದಳು.

ಬೆಳಗಿನ ಬಿಳಿಯ ಗಾಡಿಯನ್ನು ನಾನು ಹಳಿಯಲಾರೆ. ಅದರಲ್ಲಿ ಉತ್ಸಾಹವಿತ್ತು. ಚರ್ಚಾಸ್ಪರ್ಧೆಯ ಮೊದಲ ವರ್ಷದ ವಿದ್ಯಾರ್ಥಿಯಂತೆ ಅದು ಒಮ್ಮೆಲೇ ನುಗ್ಗಿತು. ಏರನ್ನು ಏರೆಂದೇ ಬಗೆಯಲಿಲ್ಲ. ಹೊರಡುವಾಗಲೆಲ್ಲ ಗುಂಡಪ್ಪಗಳು ಹಿಂದಕ್ಕೆ ಜೀಕಿ, ನಿಲ್ಲುವಾಗಲೆಲ್ಲ ಮುಂದಕ್ಕೆ ಬಂದು ಒಂದಕ್ಕೊಂದು ತಾಗಿ ದೊಪ್ಪೆನ್ನುತ್ತಿದ್ದವು. ನಾನು ಪೈಪನ್ನು ಅಪ್ಪಿಕೊಂಡು ನಿಂತಿದ್ದೆ. ಅದಿರು ಎಳೆಯುವ ಕೆಲಸಕ್ಕೆ ಅದಕ್ಕಿಂತ ಮಿಗಿಲಾದ ಗಾಡಿಯನ್ನು ಯಾರೂ ಬಯಸಲಾರರು.

ಮಧ್ಯಾಹ್ನದ ನೀಲಿ ಗಾಡಿ ಊರಾಚೆಯ ಮೊದಲ ಸಣ್ಣ ಏರಿನಲ್ಲೇ ಸ್ವಲ್ಪ ಏದುಸಿರು ಬಿಟ್ಟಿತು, ಸಂಕೋಚಪಟ್ಟಿತು, ಆದರೆ ಹೊರಟದ್ದೇ ತಿಳಿಯದಂತೆ ಹೊರಟಿತ್ತು. ನಾನು ಬಂಡಿಯ ಹಲಗೆಯ ಮೇಲೆ ಹಿಂದಕ್ಕೆ ಮುಖ ಮಾಡಿ ಕುಳಿತೆ. ಎಳೆಯುವವನಿಗೆ ದಾರಿ ಎದುರಿನಿಂದ ಬರುತ್ತದೆ. ಎಳೆಸಿಕೊಳ್ಳುವವನಿಗೆ ದಾರಿ ಕಾಲಡಿಯಿಂದ ಹುಟ್ಟಿ ದೂರ ದೂರ ಸರಿಯುತ್ತದೆ. ಜಗತ್ತನ್ನು ನಾನು ಹಾಗೆ ನೋಡಿರಲೇ ಇಲ್ಲ. ಎಲ್ಲವೂ ವಿದಾಯ ಹೇಳುತ್ತಿದ್ದವು: ಕಾಲುವೆ, ಕಬ್ಬಿನ ಗದ್ದೆ, ಕೆಂಪು ಹೊದ್ದ ಜಾಲಿ, ದಿಗಂತದಲ್ಲಿ ಒಂದರ ತೋಳಿನ ಮೇಲೊಂದು ತಲೆಯಿಟ್ಟು ಮಲಗಿದ ಹಂಪಿಯ ಬಂಡೆಗಳು. ಆ ಬಂಡೆಗಳ ಪುಣ್ಯವೆಂದರೆ ಅವುಗಳ ಹೊಟ್ಟೆಯಲ್ಲಿ ಕಬ್ಬಿಣವಿಲ್ಲದಿರುವುದು. ಅವುಗಳನ್ನು ಎಬ್ಬಿಸಲು ಯಾರೂ ಬರುವುದಿಲ್ಲ. ಈ ಕಡೆಯ ಗುಡ್ಡಗಳಿಗೆ ಆ ಭಾಗ್ಯವಿಲ್ಲ. ಅವು ತುಂಡು ತುಂಡಾಗಿ ಹಡಗು ಹತ್ತಲು ಹೊರಟಿವೆ. ಗುಡ್ಡವನ್ನು ಎಳೆಯುವ ಲಾರಿಗೆ ಊರು, ಊರಿಗೆ ಗದ್ದೆ, ಗದ್ದೆಗೆ ಮನೆ, ಮನೆಗೆ ನಾವು, ಹೀಗೆ ಕೊಕ್ಕೆಗೆ ಕೊಕ್ಕೆ ಬಿದ್ದು ಎಲ್ಲರೂ ಯಾವುದೋ ವೇಗಕ್ಕೆ ಕಟ್ಟಿಸಿಕೊಂಡಿದ್ದೆವು. ಎಷ್ಟು ಎಳೆಯುತ್ತದೆ ಎಂದು ಎಲ್ಲರೂ ಕೇಳುತ್ತಿದ್ದರು. ಎಳೆಸಿಕೊಳ್ಳುವುದರ ಒಳಗೆ ಕುಳಿತು ಹೇಗಿದೆ ಎಂದು ಕೇಳಿದವರು ಕಡಿಮೆ. ಸಮಾಜವನ್ನು ಮುಂದಕ್ಕೆ ಎಳೆಯುತ್ತೇವೆನ್ನುವ ನಮ್ಮಂಥವರಲ್ಲಂತೂ ಇನ್ನೂ ಕಡಿಮೆ. ಈ ವಿಚಾರವನ್ನು ಇನ್ನೊಂದಿಷ್ಟು ಬೆಳೆಸಬೇಕೆಂದುಕೊಂಡೆ. ಗುಂಡಪ್ಪಗಳು ನನ್ನ ಕಣ್ಣಿನ ಮುಂದೆ ಮೆಲ್ಲನೆ, ಒಂದೇ ಲಯದಲ್ಲಿ, ಅತ್ತ ಹೋಗಿ ಇತ್ತ ಬರುತ್ತಿದ್ದವು. ಅತ್ತ. ಇತ್ತ.

“ಸರ. ಏಳ್ರಿ ಸರ. ಊರು ಬಂತು.”

ಹುಲಿಗೆಮ್ಮ ನನ್ನ ತೋಳು ಅಲುಗಿಸುತ್ತಿದ್ದಳು. ಬಂಡಿ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿತ್ತು. ಗುಡ್ಡದ ಏರು, ತಿರುವು, ಇಳಿಜಾರು ಯಾವುದೂ ನನ್ನ ಅರಿವಿಗೆ ಬಂದಿರಲಿಲ್ಲ.

“ಸರಗ ನಿದ್ದಿ ಹತ್ತೈತಿ. ಇನ್ನೇನ್ ಚರ್ಚಾ ಮಾಡ್ತೀರಿ?” ಎಂದು ಆಕೆ ಎಲ್ಲರಿಗೂ ಸಾರಿದಳು. “ನೀಲೀದು ಇರ್ಲಿ.”

ಹೊಸದಾಗಿ ಬಿಳಿಯ ಪಕ್ಷ ಸೇರಿದ್ದ ಖಾಜಾಸಾಬರಿಗೆ ಇದು ಒಪ್ಪಿಗೆಯಾಗಲಿಲ್ಲ. “ಇದ್ಯಾವ ನ್ಯಾಯ ಹುಲಿಗೆಮ್ಮ? ಊಟ ಮಾಡಿ ಕುಂತ್ರ ಯಾರಿಗಾದ್ರೂ ನಿದ್ದಿ ಬರ್ತೈತಿ. ಬಿಳೀದ್ರಾಗೂ ಊಟ ಮಾಡಿಸಿ ಕುಂದ್ರಸಬೇಕಿತ್ತು.”

“ಕೂಸೂ ಹಾಲು ಕುಡದು ಮಲಗೋದು ಸಾಬ್ರೆ. ಸರದು ಬಿಡ್ರಿ, ನಾ ಎಚ್ಚರ ಇದ್ದೆ. ಹೋಗಾಗ ಬರಾಗ ಒಂದು ಗುಂಡಪ್ಪ ಇನ್ನೊಂದಕ್ಕ ತಾಗಿಲ್ಲ. ನಿಮಗ ಇನ್ನೇನ್ ಬೇಕು?”

ಖಾಜಾಸಾಬರು ಜೋಲಿಗಳೊಳಗೆ ಇಣುಕಿದರು. ಕುಲಾವಿ ತೊಟ್ಟ ಗುಂಡಿನ ತಲೆಯಿಂದ ಕುಲಾವಿ ಜಾರಿರಲಿಲ್ಲ. “ಸರಿ, ನನ್ನ ಬಾಯಿ ಮುಚ್ಚಿತು,” ಎಂದು ನಕ್ಕು ಕೊಕ್ಕೆ ಕಳಚಲು ಬಗ್ಗಿದರು. ನಿದ್ದೆ ಮಾಡಿ ಗೆದ್ದುಕೊಟ್ಟ ಚರ್ಚೆ ನನ್ನ ಬದುಕಿನಲ್ಲಿ ಅದೊಂದೇ.

ನೀಲಿ ಗಾಡಿ ಅಮಾವಾಸ್ಯೆಗೆ ಮೊದಲೇ ನಮ್ಮದಾಯಿತು. ಗುಡ್ಡದ ಕೆಲಸ ಆರಂಭವಾದ ಮುಂಜಾನೆ ಗುಡಿಸಲುಗಳ ಮುಂದೆ ಬಂಡಿ ನಿಂತಾಗ ಗುಂಡುಗಳು ಇನ್ನೂ ಜೋಲಿಗಳಲ್ಲೇ ಇದ್ದವು. ಖಾಲಿ ಜೋಲಿಯನ್ನು ಅಲ್ಲಿಯವರೆಗೂ ತೂಗಿಸಲು ಹುಲಿಗೆಮ್ಮ ಬಿಟ್ಟಿರಲಿಲ್ಲ. ತಾಯಂದಿರು ಒಂದೊಂದು ಗುಂಡನ್ನು ಎತ್ತಿ ಕೆಳಗಿಟ್ಟು, ಅದರ ಬಿಸುಪಿಲ್ಲದ ಜಾಗದಲ್ಲಿ ಕೂಸನ್ನು ಮಲಗಿಸಿದರು. ಎದ್ದ ಗುಂಡುಗಳು ಬಂಡಿಯ ಮೂಲೆಯಲ್ಲಿ ಕುಳಿತೇ ಗುಡ್ಡವೇರಿದವು. ದಾರಿಯುದ್ದಕ್ಕೂ ಒಂದು ಕೂಸೂ ಅಳಲಿಲ್ಲ.

ಇಳಿಜಾರಿನಲ್ಲಿ ಬಂಡಿಯನ್ನು ನಿಲ್ಲಿಸಿ, ನೀರು ತರಲು ಗಾಡಿ ಬಿಚ್ಚಿಕೊಳ್ಳಬೇಕಾಗಿತ್ತು. ಗವಿಸಿದ್ದ ಮೂಲೆಯ ಗುಂಡುಗಳನ್ನು ಕಂಡು, “ಒಳ್ಳೆ ಮಾಲು ಐತಿ ರೇಣುಕಾ, ರಾಶಿಗೆ ಹಾಕು,” ಎಂದ. ಅತ್ತ ರಾಶಿಯ ಬಳಿ ಲಾರಿಯೊಂದು ಬಾಯಿ ತೆರೆದು ನಿಂತಿತ್ತು.

“ಜೋಲ್ಯಾಗ ಮಲಗಿ ಎದ್ದೈತಿ ಅದು,” ಎಂದಳು ರೇಣುಕಾ. “ಇನ್ನ ಅದನ್ನ ಕುಟ್ಟಾಕ ಕೊಡ್ತೀನೇನು?”

ಆಕೆ ತನ್ನ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ, ಬಂಡಿಯ ಗಾಲಿಯ ಕೆಳಮಗ್ಗುಲಿಗೆ ಒತ್ತಿ ಕೂರಿಸಿದಳು. ಕಾಲಿನಿಂದ ಒಮ್ಮೆ ತಳ್ಳಿ ಪರೀಕ್ಷಿಸಿದಳು. ಉಳಿದವರೂ ತಮ್ಮ ತಮ್ಮವನ್ನು ತಂದು ಗಾಲಿಗಳ ಹಿಂದೆ ಒಂದರ ಪಕ್ಕ ಒಂದು ಇಟ್ಟರು. ಗವಿಸಿದ್ದ ಕೊಕ್ಕೆ ಬಿಚ್ಚಿದ. ಬಂಡಿ ಕೂದಲೆಳೆಯಷ್ಟು ಹಿಂದೆ ಸರಿದು, ಗುಂಡುಗಳಿಗೆ ಒರಗಿ, ನಿಂತಿತು. ಸುತ್ತಲೂ ಗುಡ್ಡವೆಲ್ಲ ಇಳಿದು ಹೋಗುತ್ತಿದ್ದಾಗ ಅದರದೇ ಆರು ಚೂರುಗಳು ಅಲ್ಲಿ ಹೋಗದೆ ಕುಳಿತವು.

ರೇಣುಕಾ ಜರಡಿ ಎತ್ತಿಕೊಂಡು ರಾಶಿಯ ಕಡೆಗೆ ನಡೆದಳು. ನಾನು ಬಂಡಿಯ ಬಳಿಯೇ ನಿಂತು ಆಕೆಯನ್ನು ಬಹಳ ಹೊತ್ತು ನೋಡುತ್ತಿದ್ದೆ. ಧೂಳು ಏಳುತ್ತಿತ್ತು, ಲಾರಿಗಳು ಹಿಂದಕ್ಕೂ ಮುಂದಕ್ಕೂ ಹೊರಳುತ್ತಿದ್ದವು, ಜರಡಿ ಒಂದೇ ಸಮನೆ ಆಡುತ್ತಿತ್ತು. ಆಕೆ ಒಮ್ಮೆಯೂ ತಿರುಗಿ ನೋಡಲಿಲ್ಲ.